ಗಜನಿ ಕ್ಯಾಮೆರಾ: ಏಡಿ, ಬಾಲ್ ಕಾಕ್ ಮತ್ತು ಹೆಗ್ಗಣ

ಒಂದು ಅಮಾವಾಸ್ಯೆ, ಒಂದು ಹುಣ್ಣಿಮೆ ಕೆಸರುಪಾಲಾದ ಮೇಲೆ ಮೊನ್ನೆ ರಾತ್ರಿ ಹೆಗ್ಗಣ ಸಿಕ್ಕಿತು. ಬೋನಿನಲ್ಲಲ್ಲ, ಮೆಮೊರಿ ಕಾರ್ಡಿನಲ್ಲಿ.

ಜಾಗ ಅಘನಾಶಿನಿ ಅಳಿವೆಯ ಕುಮಟಾ ಕಡೆಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆ. ಉಪ್ಪು ತಡೆಯುವ ಕಗ್ಗ ಭತ್ತದ ತೆನೆ ಕೊಯ್ದು ತೂಬಿನ ಹಲಗೆ ಎತ್ತಿದರೆ ಗದ್ದೆ ಸಿಗಡಿಯ ಕೆರೆಯಾಗುತ್ತದೆ. ಭತ್ತ ತಿಂದು ಕೊಬ್ಬಿದ ಹೆಗ್ಗಣಗಳಿಗೆ ಉಳಿಯುವುದು ಒಡ್ಡು ಮಾತ್ರ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಒಡ್ಡಿನ ಕೆಳಸಾಲಿನ ಬಿಲಗಳೂ ಮುಳುಗುತ್ತವೆ. ಆಗ ಅವು ಎಲ್ಲಿಗೆ ಹೋಗುತ್ತವೆ? ಅದನ್ನು ನೋಡಲೆಂದೇ ಈ ಕ್ಯಾಮೆರಾ.

ಇಂಥ ಕ್ಯಾಮೆರಾಗಳನ್ನು ಎಬ್ಬಿಸುವ ಪಿಐಆರ್ ಸೆನ್ಸರ್ ನೋಡುವುದು ಶಾಖದ ವ್ಯತ್ಯಾಸವನ್ನು. ತೊಯ್ದು ತೊಪ್ಪೆಯಾಗಿ, ಮೂತಿಯಷ್ಟನ್ನೇ ಮೇಲಿಟ್ಟು ಈಜುವ ಪ್ರಾಣಿ ಅದರ ಲೆಕ್ಕಕ್ಕೇ ಇಲ್ಲ. ಹೆಗ್ಗಣವನ್ನು ಕಾಯುವುದು ಬಿಟ್ಟು ನೀರನ್ನು ಕಾಯೋಣ ಎಂದುಕೊಂಡೆ. ನೀರು ಗುರುತು ಮುಟ್ಟಿದರೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್) ಕ್ಯಾಮೆರಾ ನಡೆಸುವ ಚಿಪ್ಪು ಇಎಸ್‌ಪಿ32 ಅನ್ನು ಎಬ್ಬಿಸಬೇಕು, ಅದು 10 ಸೆಕೆಂಡಿಗೊಂದು ಚಿತ್ರ ತೆಗೆಯಬೇಕು.

ಹಾಳಾದ್ದು ಆ ಕೊಳವೆ! ಒಂದಿಂಚಿನ ಪಿವಿಸಿ, ಒಳಗೆ ಥರ್ಮಕೋಲ್ ಬೆಂಡು, ಅದರ ನೆತ್ತಿಗೆ ಅಯಸ್ಕಾಂತ. ಮನೆಯ ಬಕೆಟ್ಟಿನಲ್ಲಿ ಚಿನ್ನದಂಥ ಕೆಲಸ. ಗಜನಿಯಲ್ಲಿ ಒಂದೂ ಚಿತ್ರವಿಲ್ಲ. ಬಿಚ್ಚಿದರೆ ಬೆಂಡಿನ ಕೆಳಗೆ ಉಗುರಿನಷ್ಟು ದೊಡ್ಡ ಏಡಿಯೊಂದು ಕೆಸರು ಮೆತ್ತಿಕೊಂಡು ಸಂಸಾರ ಹೂಡಿತ್ತು. ತಳಕ್ಕೆ ಸೊಳ್ಳೆಪರದೆ ಬಿಗಿದೆ. ಪರದೆಯ ಕಣ್ಣುಗಳನ್ನು ಜೇಡಿ ಮುಚ್ಚಿತು. ಹೊರಗೆ ನೀರು ಇಳಿಯತೊಡಗಿದ ಮೇಲೆ ಬೆಂಡು ಏಳತೊಡಗಿತು. ಹಾಗೆ ತಡವಾಗಿ ಬಂದ 400 ಚಿತ್ರಗಳೂ ಕಾಡಿಗೆಯಂತೆ ಕಪ್ಪು. ಅದು ಅಂಗಡಿಯವನ ಕೊಡುಗೆ: ‘ಫಿಲ್ಟರ್ ರಹಿತ’ ಎಂದು ಬರೆದ ಲೆನ್ಸಿನಲ್ಲಿ, ರಾತ್ರಿಯ ಚಿತ್ರಕ್ಕೆ ಬೇಕಾದ ಇನ್‌ಫ್ರಾರೆಡ್ ಬೆಳಕನ್ನು ತಡೆಯುವ ಫಿಲ್ಟರ್ ಆರಾಮವಾಗಿ ಕುಳಿತಿತ್ತು. ದೂರಿದರೆ, ‘ಹಗಲಿನಲ್ಲಿ ಚೆನ್ನಾಗಿ ಬರುತ್ತದೆ ಸರ್’ ಎಂಬ ಉತ್ತರ.

ದಾರಿ ತೋರಿಸಿದವರು ಗಜನಿಯ ಯಜಮಾನರು. “ನಮ್ಮ ಮನೆಯ ಟ್ಯಾಂಕಿಗೆ ಇಷ್ಟೆಲ್ಲ ಬೇಕಾಗಲಿಲ್ಲವಲ್ಲ ಮಾರಾಯರೇ?” ಬಾಲ್ ಕಾಕ್, ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ತೇಲುಚೆಂಡು! ಕೊಳವೆಯಿಲ್ಲ, ಏಡಿಗೆ ಮನೆಯಿಲ್ಲ. ಪ್ಲಾಸ್ಟಿಕ್ ಚೆಂಡು, ಅದರ ಕಡ್ಡಿಯ ಇನ್ನೊಂದು ತುದಿಗೆ ಅಯಸ್ಕಾಂತ, ಉಪ್ಪುನೀರಿಗೆ ಹೆದರದ ನೈಲಾನ್ ಬೋಲ್ಟು. ರೀಡ್ ಸ್ವಿಚ್ಚಿಗೆ ಎಪಾಕ್ಸಿ ಸುರಿದೆ.

ನಡುವೆ ಇನ್ನೊಂದು ಹುಚ್ಚು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಜೌಗಿನಲ್ಲೊಂದು ಇಲಿಯಿದೆ, ತೂಕ ಸುಮಾರು 10 ಗ್ರಾಂ. ಉಪ್ಪುನೀರನ್ನೂ ಕುಡಿಯಬಲ್ಲದು, ಉಬ್ಬರ ಬಂದರೆ ಗಿಡ ಹತ್ತಿ ಕೂರುತ್ತದೆ. ನಮ್ಮ ಒಡ್ಡಿನ ಚಿಟ್ಟಿಲಿಗಳನ್ನೂ ತೂಗಬೇಕು. ತೂಕದ ಸೆನ್ಸರ್ ಓದುವ ಚಿಪ್ಪು ಎಚ್‌ಎಕ್ಸ್711 ಆಗಲೇ ಮೇಜಿನ ಮೇಲಿದೆ. ಗಾಳಿಗೇ 3 ಗ್ರಾಂ ತೋರಿಸುತ್ತಿದೆ.

ಮೊನ್ನೆಯ ಚಿತ್ರಗಳಿಗೆ ಬರುತ್ತೇನೆ. ರಾತ್ರಿ 11.47, ನೀರು ಒಡ್ಡಿನ ನೆತ್ತಿಗೆ ನಾಲ್ಕು ಬೆರಳು ಕಡಿಮೆ. ಬಿಲದ ಬಾಯಿಗೆ ಒಳಗಿನಿಂದ ಜಡಿದಿದ್ದ ಮಣ್ಣು ಉಬ್ಬಿದೆ. ಮುಂದಿನ ಚಿತ್ರದಲ್ಲಿ ಮೂತಿ, ಅದರ ಮುಂದಿನದರಲ್ಲಿ ಇಡೀ ಹೆಗ್ಗಣ. ಅದು ಮೇಲೆ ಹತ್ತುತ್ತದೆಂದು ನಾನು ಪಂದ್ಯ ಕಟ್ಟಿದ್ದೆ. ಹತ್ತಲಿಲ್ಲ. ಗದ್ದೆಯ ಕಡೆಗೆ ನೀರಿಗಿಳಿದು, ಕೂಳೆಗಳ ನಡುವೆ ತೇಲಿ ನಿಂತಿದ್ದ ಹುಲ್ಲಿನ ರಾಶಿಯೇರಿತು. ಎರಡೂ ಕೈಯಿಂದ ಮುಖ ಒರೆಸಿಕೊಂಡು 50 ನಿಮಿಷ ಅಲ್ಲೇ ಕುಳಿತಿತ್ತು. ಏಕೆಂದು ಚಿತ್ರವನ್ನು ಹಿಗ್ಗಿಸಿದಾಗ ತಿಳಿಯಿತು: ಒಡ್ಡಿನ ನೆತ್ತಿಯ ಮೇಲೆ ಹೊಳೆಯುವ ಎರಡು ಕಣ್ಣು. ಯಜಮಾನರ ಮನೆಯ ಬೆಕ್ಕು.

ಚಿತ್ರ ನೋಡಿದ ಯಜಮಾನರಿಗೆ ಬೆಕ್ಕೂ ಬೇಡ, ಬಾಲ್ ಕಾಕೂ ಬೇಡ. “ಒಡ್ಡು ತೂತು ಮಾಡುವ ಆ ಬಿಲ ಎಲ್ಲಿದೆ, ತೋರಿಸಿ” ಎಂದು ಗುದ್ದಲಿ ಹಿಡಿದು ಹೊರಟರು. ಹುಣ್ಣಿಮೆ ಕಳೆಯುವ ತನಕ ಬಿಡಿ ಎಂದು ಬೇಡಿಕೊಂಡಿದ್ದೇನೆ.