ಶಿಕ್ಷೆಯಾದವನ ಹಾಡನ್ನು ಇನ್ನೂ ಕೇಳಬಹುದೇ?

ಬಹಳ ಮಂದಿ ಕೇಳುವ ಪ್ರಶ್ನೆ ಇದು: ಜೀವಕ್ಕೆ ಹತ್ತಿರವಾದ ಹಾಡು, ಅದನ್ನು ಮಾಡಿದವನಿಗೆ ಘೋರ ಅಪರಾಧಕ್ಕೆ ಶಿಕ್ಷೆಯಾಗಿದೆ, ಇನ್ನೇನು ಮಾಡೋದು? ‘ಕಲೆ ಬೇರೆ, ಕಲಾವಿದ ಬೇರೆ’ ಅನ್ನುವ ಸಿದ್ಧ ಉತ್ತರ ನನಗೆ ಒಪ್ಪಿಗೆಯಿಲ್ಲ. ಆ ಹಾಡಿನಲ್ಲಿ ಯಾರ್ಯಾರ ದುಡಿಮೆ ಇದೆ, ಅದರ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ನೋಡಿ.

1963ರ ಅಮೆರಿಕದ ಪಾಪ್ ಹಾಡು ‘ಬಿ ಮೈ ಬೇಬಿ’ ತೆಗೆದುಕೊಳ್ಳಿ. ನಿರ್ಮಾಪಕ ಫಿಲ್ ಸ್ಪೆಕ್ಟರ್. ನಟಿ ಲಾನಾ ಕ್ಲಾರ್ಕ್‌ಸನ್ ಕೊಲೆಗಾಗಿ 2009ರಲ್ಲಿ ಶಿಕ್ಷೆಯಾಗಿ, ಕೈದಿಯಾಗಿದ್ದಾಗಲೇ 2021ರಲ್ಲಿ ಸತ್ತ. ಈಗ ಹಾಡಿನ ಮೊದಲ ಕೆಲವು ಸೆಕೆಂಡು ಕೇಳಿ. ‘ಧಮ್, ಧ-ಧಮ್’ ಎಂದು ಮೂರು ಪೆಟ್ಟು, ಆಮೇಲೆ ಪ್ರತಿಧ್ವನಿಯಲ್ಲಿ ಅದ್ದಿ ತೆಗೆದಂಥ ಒಂದು ‘ಠಪ್’. ಅದು ಡ್ರಮ್ ವಾದಕ ಹಾಲ್ ಬ್ಲೇನ್ ಅವರ ಕೈ. ಮೇಲೇರುವ ದನಿ ರಾನೆಟ್ಸ್ ಎಂಬ ಗಾಯಕಿಯರ ತಂಡದ ರಾನಿಯದು. ಹಿಮ್ಮೇಳದಲ್ಲಿ ಆಗಿನ್ನೂ ಹೆಸರಾಗದ ಗಾಯಕಿ ಶೆರ್ ಇದ್ದಾರೆ. ರಾನಿ ಮುಂದೆ ಸ್ಪೆಕ್ಟರ್‌ನನ್ನೇ ಮದುವೆಯಾಗಿ, 1972ರಲ್ಲಿ ಬರಿಗಾಲಲ್ಲಿ ಆ ಮನೆಯಿಂದ ತಪ್ಪಿಸಿಕೊಂಡರು. ಸ್ಪೆಕ್ಟರ್ ಮೇಲಿನ ಸಿಟ್ಟಿಗೆ ಈ ಹಾಡನ್ನು ಒರೆಸಿಹಾಕಿದರೆ ಮೊದಲು ಅಳಿಯುವುದು ರಾನಿಯ ದನಿ. ಆದರೆ ಆ ಪ್ರತಿಧ್ವನಿ, ವಾದ್ಯಗಳ ಆ ದಟ್ಟಣೆ ಸ್ಪೆಕ್ಟರ್‌ನ ಕಲ್ಪನೆಯೇ. ‘ಅವನದೇನೂ ಇಲ್ಲ ಬಿಡಿ’ ಅಂದುಕೊಂಡು ಸಮಾಧಾನಪಡುವುದೂ ಸುಳ್ಳು.

ದುಡ್ಡಿನ ಲೆಕ್ಕ ಇನ್ನೂ ತೊಡಕಿನದು. ಒಂದು ಹಾಡಿಗೆ ಎರಡು ಹಕ್ಕು: ಬರೆದು ರಾಗ ಕಟ್ಟಿದವರದು ಒಂದು, ಧ್ವನಿಮುದ್ರಣದ್ದು ಅಂದರೆ ಮಾಸ್ಟರ್‌ನದು ಇನ್ನೊಂದು. ಅಮೆರಿಕದ ಮಾಮೂಲಿ ರೇಡಿಯೊ ಬರೆದವರಿಗೆ ಕೊಡುತ್ತದೆ, ಹಾಡಿದವರಿಗೆ ಕೊಡುವುದಿಲ್ಲ. ರಾನೆಟ್ಸ್ ಕೋರ್ಟಿಗೆ ಹೋದಾಗ 2002ರಲ್ಲಿ ಬಂದ ತೀರ್ಪಿನ ಪ್ರಕಾರ, ಆ ಮುದ್ರಿಕೆಗಳನ್ನು ಸಿನಿಮಾ, ಜಾಹೀರಾತಿಗೆ ಕೊಡುವ ಹಕ್ಕು ಹಳೆಯ ಕರಾರಿನಂತೆ ಸ್ಪೆಕ್ಟರ್ ಕಡೆಯೇ ಉಳಿಯಿತು.

ಅಮೆರಿಕದ ಗಾಯಕ ಆರ್. ಕೆಲ್ಲಿಯದು ಇನ್ನೊಂದು ಬಗೆ. ಲೈಂಗಿಕ ಶೋಷಣೆಯ ಅಪರಾಧಗಳಿಗೆ 2022ರಲ್ಲಿ 30 ವರ್ಷ ಶಿಕ್ಷೆಯಾಯಿತು. ಹಾಡು ಕೇಳುವ ಆ್ಯಪ್‌ನಲ್ಲಿ ಅವನನ್ನು ಬ್ಲಾಕ್ ಮಾಡಿದವರು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮೈಕೆಲ್ ಜಾಕ್ಸನ್ ಹಾಡಿದ ‘ಯೂ ಆರ್ ನಾಟ್ ಅಲೋನ್’ ಆಗಲೂ ಬರುತ್ತಲೇ ಇರುತ್ತದೆ, ಅದರ ರಚನೆಕಾರನಾಗಿ ಇರುವ ಹೆಸರು ಕೆಲ್ಲಿಯದೇ. ಕಲಾವಿದನ ಹೆಸರು ನೋಡಿದರೆ ಸಾಲದು, ಕ್ರೆಡಿಟ್ಸ್ ತೆರೆದು ಬರೆದವರು, ನಿರ್ಮಿಸಿದವರು ಯಾರೆಂದು ಓದಬೇಕು. ಇನ್ನೊಂದು ಮಾತು: 2023ರಲ್ಲಿ ನ್ಯಾಯಾಲಯ ಅವನ ರಾಯಲ್ಟಿಯಿಂದ 5 ಲಕ್ಷ ಡಾಲರ್‌ಗೂ ಹೆಚ್ಚು ಹಣವನ್ನು ದಂಡಕ್ಕೂ ಸಂತ್ರಸ್ತರ ಪರಿಹಾರಕ್ಕೂ ಕಟ್ಟಿಸಿತು. ಹಾಗಾಗಿ ರಾಯಲ್ಟಿ ಎಂದರೆ ಅಪರಾಧಿಯ ಜೇಬಿಗೇ ಎಂದು ಕಣ್ಣುಮುಚ್ಚಿ ಹೇಳಲಾಗದು.

ಅವನಿಗೆ ಕಾಸೂ ಹೋಗಬಾರದು ಅನ್ನುವವರಿಗೆ ದಾರಿ ಸುಲಭ. ಮನೆಯಲ್ಲಿರುವ ಸಿ.ಡಿ. ಹಾಕಿ ಕೇಳಿದರೆ ಹೊಸ ರಾಯಲ್ಟಿ ಹುಟ್ಟುವುದಿಲ್ಲ, ಸೆಕೆಂಡ್ ಹ್ಯಾಂಡ್ ಕೊಂಡರೂ ಅಷ್ಟೇ. ಬೇರೆಯವರು ಹಾಡಿದ ಕವರ್ ಕೇಳಿದರೆ ಮಾತ್ರ ರಚನೆಕಾರನ ಪಾಲು ಹೋಗೇ ಹೋಗುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ.

ಒಬ್ಬರೇ ಕೇಳುವುದು, ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಅಭ್ಯಾಸದ ಕಿವಿ ಹಳೆಯ ರಾಗಕ್ಕೆ ಓಗೊಟ್ಟರೆ ನೀವು ಕೆಟ್ಟವರಾಗುವುದಿಲ್ಲ. ಸಮಾರಂಭ, ತರಗತಿ, ಬಸ್ಸುಗಳಲ್ಲಿ ಮಾತ್ರ ದಯವಿಟ್ಟು ಹಾಕಬೇಡಿ. ಅಂಥ ದೌರ್ಜನ್ಯ ಅನುಭವಿಸಿದವರು ಅಲ್ಲಿದ್ದರೆ, ಎದ್ದುಹೋಗಲು ಅವರು ಎಲ್ಲರೆದುರು ಕಾರಣ ಹೇಳಬೇಕಾಗುತ್ತದೆ.