ಗುಡವಿ ಕೆರೆ ದಂಡೆಲಿ ಒಂದು ಬೆಳಗು, ಓದೋ ಮಕ್ಕಳನ್ನ ಕರ್ಕೊಂಡು ಹೋಗೋರಿಗೆ

ಸೆಪ್ಟೆಂಬರ್ ಎರಡನೇ ವಾರ ಸೊರಬದ ಹತ್ರ ಇರೋ ಗುಡವಿ ಪಕ್ಷಿಧಾಮಕ್ಕೆ ಹೋಗಿ ಬಂದ್ವಿ, ನಾನು, ಅಕ್ಕ, ಮತ್ತೆ ಅಕ್ಕನ ಮಗ. ಅವ್ನು ಸೆಕೆಂಡ್ ಪಿಯುಸಿ, ಜೊತೆಗೆ ನೀಟ್ ಕೋಚಿಂಗ್, ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಿದ್ರೆ ಆಮೇಲೆ ಒಂದು ಗಂಟೆ ತನಕ ಮೊಬೈಲು, ಊಟಕ್ಕೆ ಕೂತ್ರೂ ಮಾತಿಲ್ಲ. ಅಕ್ಕ ದಿನಾ ಫೋನ್ ಮಾಡಿ ಇದನ್ನೇ ಹೇಳ್ತಿದ್ಲು. ಎರಡು ದಿನ ಕ್ಲಾಸ್ ತಪ್ಪಿದ್ರೆ ಏನೂ ಮುಳುಗಲ್ಲ, ಹೊರಡು ಅಂದೆ.

ದಾರಿ ವಿಷ್ಯ ಮೊದ್ಲು ಹೇಳ್ಬಿಡ್ತೀನಿ. ಶಿವಮೊಗ್ಗದಿಂದ ಸಾಗರ 70 ಕಿ.ಮೀ. ಮೇಲೆ, ಅಲ್ಲಿಂದ ಸೊರಬ, ಸೊರಬದಿಂದ ಬನವಾಸಿ ಕಡೆ ಸುಮಾರು 16 ಕಿ.ಮೀ. ಹೋದ್ರೆ ಗುಡವಿ. ಬೆಂಗಳೂರಿಂದ ಬರೋರು ತಾಳಗುಪ್ಪ ಟ್ರೈನ್ ಹತ್ತಿ ಸಾಗರದಲ್ಲಿ ಇಳೀಬಹುದು, ಸ್ಟೇಷನ್ ಹೆಸ್ರು ಸಾಗರ ಜಂಬಗಾರು ಅಂತ ಇರುತ್ತೆ, ಗಾಬ್ರಿ ಆಗ್ಬೇಡಿ. ನಾವು ಹಿಂದಿನ ದಿನ ಸಂಜೆನೇ ಸೊರಬಕ್ಕೆ ಹೋಗಿ ಉಳ್ಕೊಂಡ್ವಿ, ನೀವೂ ಹಾಗೇ ಮಾಡಿ, ಯಾಕಂದ್ರೆ ಹನ್ನೊಂದು ಗಂಟೆಗೆ ಬಂದು ಹನ್ನೆರಡಕ್ಕೆ ವಾಪಸ್ ಹೋಗೋರಿಗೆ ಆ ಕೆರೆ ಏನೂ ತೋರ್ಸಲ್ಲ. ಬೆಳಗ್ಗೆ ಬೇಗ ಹೋಗ್ಬೇಕು, ಇಲ್ಲಾಂದ್ರೆ ಸಂಜೆ ಹಕ್ಕಿಗಳು ಗೂಡಿಗೆ ಬರೋ ಹೊತ್ತಿಗೆ. ಗೇಟ್ ಟೈಮ್ ಏನು ಅಂತ ಹಿಂದಿನ ದಿನನೇ ಕೇಳ್ಕೊಳ್ಳಿ. ತಿಂಡಿ ಸೊರಬದಲ್ಲೇ ಮುಗ್ಸಿ, ನೀರು ತುಂಬ್ಕೊಂಡು ಹೋಗಿ.

ಗುಡವಿ ಪಕ್ಷಿಧಾಮ ಆಗಿದ್ದು 1989ರಲ್ಲಿ. ಹೆಸ್ರು ಕೇಳಿ ದೊಡ್ಡದಾಗಿ ಏನೋ ಅಂದ್ಕೋಬೇಡಿ, ಪೂರ್ತಿ ಸೇರಿದ್ರೂ ಒಂದು ಚದರ ಕಿ.ಮೀ. ಇಲ್ಲ. ಒಂದು ಕೆರೆ, ಸುತ್ತ ಕಾಡು, ನೀರೊಳಗೇ ನಿಂತಿರೋ ಮರಗಳು. ಆ ಮರದ ತುಂಬ ಗೂಡು! ಬಿಳಿ ಮೈ ಕಪ್ಪು ತಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಿನ ಹಾಗೆ ಉದ್ದ ಕತ್ತಿರೋ ಹಾವಕ್ಕಿ ಎಲ್ಲಾ ಒಂದೇ ಮರದಲ್ಲಿ ಮೇಲೆ ಕೆಳಗೆ ಸಂಸಾರ ಹೂಡ್ಕೊಂಡಿದಾವೆ. ಜೂನ್‌ನಿಂದ ನವೆಂಬರ್ ತನಕ ಗೂಡಿನ ಕಾಲ, ನಾವು ಹೋದಾಗ ಮರಿಗಳು ಅಮ್ಮನ ಗಂಟಲೊಳಗೆ ತಲೆ ಹಾಕಿ ಮೀನು ಕಿತ್ಕೊಂಡು ತಿನ್ತಿದ್ವು. ವಾಸ್ನೆ ಇರುತ್ತೆ, ಇಷ್ಟು ಹಕ್ಕಿ ಇರೋ ಕಡೆ ಇರ್ದೆ ಏನು, ಹತ್ತು ನಿಮಿಷದಲ್ಲಿ ಮೂಗಿಗೆ ಅಭ್ಯಾಸ ಆಗುತ್ತೆ.

ಹುಡುಗ ಮೊದ್ಲು ಅರ್ಧ ಗಂಟೆ ಸುಮ್ನೆ ನಮ್ಮ ಹಿಂದೆ ನಡೀತಿದ್ದ. ಅಕ್ಕ "ನೋಡೋ ಅಲ್ಲಿ ನೋಡೋ" ಅಂತ ಶುರು ಮಾಡಿದ್ಲು, ನಾನೇ ಕೈ ಹಿಡಿದು ನಿಲ್ಲಿಸ್ದೆ. ದಯವಿಟ್ಟು ಅಲ್ಲೂ ಪಾಠ ಮಾಡ್ಬೇಡಿ, ಯಾವ ಹಕ್ಕಿ ಹೇಳು ಅಂತ ಪರೀಕ್ಷೆ ಇಡ್ಬೇಡಿ. ಆಮೇಲೆ ಒಂದು ಕಡೆ ಅವ್ನು ಕೂತ್ಬಿಟ್ಟ. ಎದುರಿಗೆ ಒಣ ಕೊಂಬೆ ಮೇಲೆ ಒಂದು ಹಾವಕ್ಕಿ ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡ್ಕೊಂಡು ಕೂತಿತ್ತು. ಎಷ್ಟು ಹೊತ್ತು ನೋಡಿದ್ನೋ, ನಲವತ್ತು ನಿಮಿಷ ಅಂತೂ ಆಗಿತ್ತು, ಮೊಬೈಲ್ ಜೇಬಲ್ಲೇ ಇತ್ತು. "ಚಿಕ್ಕಿ, ನೀರಲ್ಲೇ ಇರೋ ಹಕ್ಕಿ ಯಾಕೆ ಒಣಗ್ತಾ ಕೂತಿದೆ?" ಅಂದ. ತಿಂಗಳಾದ್ಮೇಲೆ ಅವ್ನಾಗೇ ಕೇಳಿದ ಪ್ರಶ್ನೆ ಅದು, ಅಕ್ಕನ ಕಣ್ಣು ತುಂಬ್ತು. ಬಾತುಕೋಳಿ ಪುಕ್ಕ ನೀರನ್ನ ಜಾರ್ಸೋ ಹಾಗೆ ಅದ್ರ ಪುಕ್ಕ ಜಾರ್ಸಲ್ಲ, ಒದ್ದೆ ಆಗಿ ಭಾರ ಆಗುತ್ತೆ, ಅದಕ್ಕೇ ಅದು ಆಳಕ್ಕೆ ಮುಳುಗಿ ಮೀನು ಹಿಡೀಬಹುದು, ಹಿಡಿದ್ಮೇಲೆ ಒಣಗಿಸ್ಕೊಳ್ಬೇಕು, ಅಂತ ಗೊತ್ತಿದ್ದಷ್ಟು ಹೇಳಿದೆ. ಅಂದ್ರೆ ಅದು ಕೂರೋದೂ ಕೆಲ್ಸನೇ ಅಂದ.

ಅದೇ ಹೊತ್ತಿಗೆ ಒಂದು ದೊಡ್ಡ ಗುಂಪು ಬಂತು, ಬ್ಲೂಟೂತ್ ಸ್ಪೀಕರ್ ಹಾಕ್ಕೊಂಡು, ಕೂಗಾಡ್ಕೊಂಡು. ದಂಡೆ ಹತ್ರದ ಮರದಿಂದ ಹಕ್ಕಿಗಳು ಬಡಬಡ ಎದ್ದು ಹಾರಿದ್ವು, ಅವ್ರಿಗೆ ಅದು ಚಂದದ ವಿಡಿಯೋ. ಆದ್ರೆ ತಾಯಿ ಎದ್ದು ಹೋದ ಗೂಡು ತೆರೆದ ಬಾಗಿಲಿದ್ದ ಹಾಗೆ, ಕಾಗೆ ಹದ್ದು ಕಾಯ್ತಾ ಇರ್ತವೆ, ಮೊಟ್ಟೆ ಮರಿ ಹೋಗೋದು ಎರಡೇ ನಿಮಿಷದ ಮಾತು. ನಾನು ಹೋಗಿ ಮೆಲ್ಲಗೆ ಹೇಳಿದೆ, ಸ್ಪೀಕರ್ ಆಫ್ ಮಾಡಿದ್ರು, ಕೆಟ್ಟೋರೇನಲ್ಲ, ಯಾರೂ ಹೇಳಿರ್ಲಿಲ್ಲ ಅಷ್ಟೇ. ನೀವು ಹೋದಾಗಲೂ ಹೇಳಿ, ಸಂಕೋಚ ಬೇಡ.

ಗುಡವಿಗೆ ಬೋಟಿಂಗ್ ಬರ್ಬೇಕು, ಲೈಟ್ ಹಾಕ್ಸಬೇಕು, ಅಭಿವೃದ್ಧಿ ಆಗ್ಬೇಕು ಅನ್ನೋ ಮಾತು ಆಗಾಗ ಕೇಳ್ತೀನಿ. ಇಷ್ಟು ಸಣ್ಣ ಕೆರೇಲಿ ಒಂದು ಬೋಟು ಸುತ್ತು ಹೊಡೆದ್ರೆ ಹಕ್ಕಿ ಎಲ್ಲಿಗೆ ಹೋಗ್ಬೇಕು? ಮತ್ತೆ ಮಕ್ಕಳಿಗೂ, ಸದ್ದು ಲೈಟು ಸ್ಕ್ರೀನು ಪೇಟೇಲಿ ಬೇಕಾದಷ್ಟಿದೆ, ಇಲ್ದೇ ಇರೋದು ಇಂಥ ಸುಮ್ನೆ ಕೂರೋ ಜಾಗ. 2019ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರ ಮಾಹಿತಿ ಇಟ್ಕೊಂಡು ಒಂದು ಅಧ್ಯಯನ ಬಂತು, ವಾರಕ್ಕೆ 120 ನಿಮಿಷ ಆದ್ರೂ ಹಸಿರು-ನೀರಿನ ನಡುವೆ ಕಳೆಯೋರು ಆರೋಗ್ಯ, ನೆಮ್ಮದಿ ಎರಡೂ ಚೆನ್ನಾಗಿದೆ ಅಂತ ಹೇಳೋದು ಜಾಸ್ತಿ ಅಂತ. ಅದು ದೊಡ್ಡೋರ ಲೆಕ್ಕ, ಇದ್ರಿಂದಲೇ ನೆಮ್ಮದಿ ಬಂತು ಅಂತಲೂ ಅದು ಸಾಬೀತು ಮಾಡಲ್ಲ, ಆದ್ರೆ ನಾನು ಕಣ್ಣಲ್ಲಿ ಕಂಡಿದ್ದಕ್ಕೆ ಹೊಂದುತ್ತೆ. ಒಂದು ಮಾತು ಮಾತ್ರ ನೆನಪಿರ್ಲಿ, ಮಗು ನಿಜವಾಗ್ಲೂ ಕುಸಿದು ಹೋಗಿದ್ರೆ ಕೆರೆ ತೋರ್ಸಿ ಸುಮ್ನಾಗ್ಬೇಡಿ, ಡಾಕ್ಟ್ರ ಹತ್ರ ಹೋಗಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ದೆ ಮಾತಾಡ್ತಾರೆ.

ಕೆರೆ ಉಳೀಬೇಕು ಅಂದ್ರೆ ಬೇಲಿ ಹಾಕಿದ್ರೆ ಸಾಲದು, ಮೇಲಿನ ಕಾನು, ಅಂದ್ರೆ ಯಾವಾಗ್ಲೂ ಹಸಿರಾಗಿರೋ ದಟ್ಟ ಕಾಡು, ಉಳೀಬೇಕು. ಸೊರಬದ ಕಾನು ನೋಡಿದ್ರೆ ಗೊತ್ತಾಗುತ್ತೆ, ಮಳೆ ನೀರನ್ನ ಹಿಡಿದಿಟ್ಕೊಂಡು ಬೇಸಿಗೆ ತನಕ ಸ್ವಲ್ಪ ಸ್ವಲ್ಪ ಕೆಳಗಿನ ಕೆರೆ ಗದ್ದೆಗೆ ಬಿಡುತ್ತೆ. ಆ ಕಾನು ಬೋಳಾದ್ರೆ ಮಣ್ಣು ಕೊಚ್ಚಿ ಬಂದು ಕೆರೇಲಿ ಹೂಳು. ಹಳ್ಳಿಯೋರು ಇದೆಲ್ಲ ನಮ್ಮಿಂದ ಕಲೀಬೇಕಾಗಿಲ್ಲ. ಈ ಕಡೆ ಎಷ್ಟೋ ಊರಲ್ಲಿ ಕೆರೆಬೇಟೆ ಅಂತ ಇದೆ, ಬೇಸಿಗೇಲಿ ನೀರು ಇಳಿದಾಗ ಊರೇ ದಿನ ಗೊತ್ತು ಮಾಡುತ್ತೆ, ಅವತ್ತು ಎಲ್ರೂ ಮೀನು ಹಿಡಿಯೋ ಬಿದಿರಿನ ಬುಟ್ಟಿ, ಅದೇ ಕೂಣಿ, ಹಿಡ್ಕೊಂಡು ಕೆರೆಗೆ ಇಳೀತಾರೆ. ಕೆರೆ ಎಲ್ರದ್ದು, ಆದ್ರೆ ಮನಸ್ಸು ಬಂದಾಗೆಲ್ಲ ಇಳಿಯೋ ಹಾಗಿಲ್ಲ. ಹುಡುಗನಿಗೆ ಇದು ತುಂಬ ಹಿಡಿಸ್ತು.

ಮಾರನೇ ದಿನ ಶರಾವತಿ ಹಿನ್ನೀರಿಗೆ ಹೋದ್ವಿ, ಅಂಬಾರಗೋಡ್ಲು ಕಡೆ. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸೇತುವೆ ಓಪನ್ ಆದ್ಮೇಲೆ ದಾಟೋ ಲಾಂಚಿಗೆ ಕಾಯೋ ಕಷ್ಟ ತಪ್ಪಿದೆ, ಆಚೆ ದಡದ ಜನ ಎಷ್ಟೋ ವರ್ಷ ಪಟ್ಟ ಪಾಡು ಅದು, ಒಳ್ಳೇದಾಯ್ತು. ನಾವು ಕೂತ ದಡದಲ್ಲಿ ಮಾತ್ರ ಬಿಯರ್ ಬಾಟ್ಲಿ ಚೂರು, ಪ್ಲಾಸ್ಟಿಕ್ ತಟ್ಟೆ, ನೋಡಿ ಹೊಟ್ಟೆ ಉರೀತು. ನಮ್ಮ ಹತ್ರ ಇದ್ದ ಎರಡು ಚೀಲ ತುಂಬಿಸ್ಕೊಂಡು ಬಂದ್ವಿ, ನೀವೂ ಖಾಲಿ ಚೀಲ ಇಟ್ಕೊಂಡಿರಿ. ನೀರಿಗೆ ಮಾತ್ರ ಇಳೀಬೇಡಿ, ಈಜು ಬಂದ್ರೂ ಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಕಾಡು ಊರು ಎಲ್ಲಾ ಮುಳುಗಿದ ಜಾಗ ಅದು, ಕೆಳಗೆ ಮರದ ಬೊಡ್ಡೆ ಇರುತ್ತೆ, ಎಲ್ಲಿ ಗುಂಡಿ ಅಂತ ಮೇಲಿಂದ ಗೊತ್ತಾಗಲ್ಲ. ಬೋಟು, ತೆಪ್ಪ ಹತ್ಬೇಕು ಅಂದ್ರೆ ಲೈಫ್ ಜಾಕೆಟ್ ಹಾಕ್ಸೋ ತಿಳಿದೋರ ಜೊತೇಲಿ ಮಾತ್ರ.

ಇನ್ನು ಬಟ್ಟೆ. ಮಳೆಗಾಲದಲ್ಲಿ ಇಂಬಳ ಕಾಟ, ಉದ್ದ ಸಾಕ್ಸ್ ಹಾಕಿ, ಉಪ್ಪು ಇಟ್ಕೊಳ್ಳಿ, ಕಚ್ಚಿದ್ರೂ ಭಯ ಬೇಡ. ಹಕ್ಕಿ ಬೆದರೋ ಕೆಂಪು ಹಳದಿ ಬಣ್ಣ ಬಿಟ್ಟು ಹಸಿರೋ ಬೂದಿಯೋ ಹಾಕ್ಕೊಳ್ಳಿ. ಬೈನಾಕ್ಯುಲರ್ ಯಾರ ಹತ್ರಾದ್ರೂ ಸಾಲ ಕೇಳಿ ತನ್ನಿ, ಮನೆಗೆ ಒಂದು ಸಾಕು. ಡಿಸೆಂಬರ್‌ನಿಂದ ಮೇ ತನಕ ಹೋಗೋರು ಉಣುಗಿನ ವಿಷ್ಯ ಹಗುರಾಗಿ ತಗೋಬೇಡಿ. ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದ್ಲು ಗೊತ್ತಾಗಿದ್ದೇ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಮೈ ಮುಚ್ಚೋ ಬಟ್ಟೆ, ಉಣುಗು ಹತ್ತದ ಹಾಗೆ ಹಚ್ಚೋಕೆ ಆರೋಗ್ಯ ಇಲಾಖೆಯೋರು ಕೊಡೋ ಡೇಪಾ ಎಣ್ಣೆ, ತರಗೆಲೆ ಮೇಲೆ ಕೂರೋದು ಬೇಡ, ವಾಪಸ್ ಬಂದ ತಕ್ಷಣ ಬಿಸಿನೀರ ಸ್ನಾನ, ಬಟ್ಟೆನೂ ಬಿಸಿನೀರಿಗೆ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಆರೋಗ್ಯ ಕೇಂದ್ರಕ್ಕೆ ಹೇಳಿ. ಹೋಗಿ ಬಂದ ಮೇಲೆ ಜ್ವರ ಬಂದ್ರೆ ಕಾಡಿಗೆ ಹೋಗಿದ್ವಿ ಅಂತ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ.

ನಮ್ಮ ಹುಡುಗ ನವೆಂಬರ್ ಮುಗಿಯೋದ್ರೊಳಗೆ ಇಬ್ರು ಫ್ರೆಂಡ್ಸ್ ಕರ್ಕೊಂಡು ಮತ್ತೆ ಹೋಗ್ಬೇಕು ಅಂತಿದಾನೆ, ಮರಿಗಳು ಹಾರೋದ್ರೊಳಗೆ. ಬೈನಾಕ್ಯುಲರ್ ಈಗ್ಲೇ ಕೇಳಿಟ್ಟಿದೀನಿ.