ಓಎಸ್ ಫೈಲು ನೆಟ್ಟಲ್ಲೇ ಸಿಗುತ್ತಲ್ಲ, ಚಿಪ್ ಯಾಕೆ ಕೀಳಬೇಕು?

ಬಿಬಿಸಿ ಮೈಕ್ರೊ ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಂ (ಓಎಸ್) ಆವೃತ್ತಿಗಳನ್ನು ಸಂಗ್ರಹಿಸುತ್ತೇವೆ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. "1.20 ಆವೃತ್ತಿಯ ಫೈಲು ನೆಟ್ಟಲ್ಲಿ ಸಿಗುತ್ತೆ. ಇಲ್ಲದಿದ್ದರೆ ಮಷೀನ್ ಆನ್ ಮಾಡಿ ಮೆಮೊರಿಯಿಂದಲೇ ಸೇವ್ ಮಾಡಿಕೊಂಡರಾಯಿತು. ಅಷ್ಟು ಹಳೆಯ ಚಿಪ್ ಕಿತ್ತು ಓದುವ ಸಾಹಸ ಯಾಕೆ?"

ಯಾಕೆಂದರೆ ಮೆಮೊರಿಯಿಂದ ಸೇವ್ ಮಾಡಿದ ಫೈಲು ಆ ಚಿಪ್ಪಿನ ನಕಲೇ ಅಲ್ಲ.

ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಹೊರತಂದ ಈ ಯಂತ್ರದಲ್ಲಿರುವುದು 6502 ಪ್ರೊಸೆಸರ್. ಅದರ 64 ಕಿಲೋಬೈಟ್ ವಿಳಾಸಗಳಲ್ಲಿ ಮೇಲಿನ 16 ಕಿಲೋಬೈಟ್ ಓಎಸ್‌ಗೆ ಸೇರಿದ್ದು, ಅಂದರೆ 16,384 ಬೈಟು. ಆದರೆ ಅದರೊಳಗಿನ 768 ಬೈಟುಗಳ ಜಾಗವನ್ನು ಹಾರ್ಡ್‌ವೇರ್ ಆಕ್ರಮಿಸಿಕೊಂಡಿದೆ. ತಲಾ 256 ಬೈಟುಗಳ ಮೂರು ಪುಟಗಳು: ಫ್ರೆಡ್, ಜಿಮ್, ಶೀಲಾ. ಪ್ರೊಸೆಸರ್ ಆ ವಿಳಾಸಗಳನ್ನು ಓದಿದರೆ ಸಿಗುವುದು ರೋಮ್ (ಓಎಸ್ ಬರೆದಿಟ್ಟ, ಓದಲಷ್ಟೇ ಬರುವ ಚಿಪ್) ಅಲ್ಲ, ವಿಡಿಯೊ ಚಿಪ್ಪು, ಸೀರಿಯಲ್ ಚಿಪ್ಪು, ಟೈಮರುಗಳ ಆ ಕ್ಷಣದ ಸ್ಥಿತಿ. ಹಾಗಾಗಿ ಒಂದೇ ಮಷೀನಿನಿಂದ ಎರಡು ಸಲ ಸೇವ್ ಮಾಡಿದರೆ ಎರಡು ಬೇರೆ ಫೈಲು ಬರುತ್ತವೆ. ಆ ಚಿಪ್ಪುಗಳೊಳಗಿನ ಕೆಲವು ರಿಜಿಸ್ಟರುಗಳು (ಸ್ಥಿತಿ ಹಿಡಿದಿಡುವ ಪುಟ್ಟ ಜಾಗಗಳು) ಓದಿದ ಮಾತ್ರಕ್ಕೇ ಬದಲಾಗುವಂಥವು.

1.20ರ ಚಿಪ್ಪಿನಲ್ಲಿ ಆ ಮರೆಯಾದ ಜಾಗ ಖಾಲಿಯಿಲ್ಲ. ಯಂತ್ರ ಕಟ್ಟಲು ನೆರವಾದವರಿಗೆ ಕೃತಜ್ಞತೆ ಹೇಳುವ ಹೆಸರುಗಳ ಪಟ್ಟಿ ಅಲ್ಲಿದೆ! ಮಷೀನ್ ಎಷ್ಟು ವರ್ಷ ಓಡಿದರೂ ಕಾಣಿಸದ ಪಟ್ಟಿ, ಚಿಪ್ ಕಿತ್ತು ಓದಿದಾಗ ಮಾತ್ರ ಸಿಗುತ್ತದೆ. ಸಿಕ್ಕ ಫೈಲು ಎಂಥದ್ದು ಎಂದು ಪರೀಕ್ಷಿಸುವುದಕ್ಕೂ ಇದೇ ದಾರಿ. ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು 15,360ನೇ ಬೈಟಿನಿಂದ ಮುಂದೆ ನೋಡಿ. ಹೆಸರುಗಳಿದ್ದರೆ ಚಿಪ್ಪಿನಿಂದ ಬಂದದ್ದು. ಅರ್ಥವಿಲ್ಲದ ಅಂಕಿಗಳಿದ್ದರೆ ಮೆಮೊರಿಯಿಂದ ಬಂದದ್ದು.

ಚಿಪ್ ಓದಲು ಮಷೀನ್ ಆನ್ ಮಾಡಬೇಕಾಗಿಲ್ಲ, ಮಾಡದಿರುವುದೇ ಒಳ್ಳೆಯದು. ಇದರ ಪವರ್ ಸಪ್ಲೈಯಲ್ಲಿ ಕರೆಂಟು ಒಳಬರುವ ಕಡೆ ಇರುವ ಕಾಗದದ ಫಿಲ್ಟರ್ ಕೆಪಾಸಿಟರುಗಳು ಹಳತಾಗಿ ಬಿರುಕು ಬಿಟ್ಟು, ಆನ್ ಮಾಡಿದ ಕೆಲ ನಿಮಿಷಗಳಲ್ಲಿ ಸಿಡಿದು ಹೊಗೆ ತುಂಬಿಸುವುದು ಮಾಮೂಲು. ಅವನ್ನು ಬದಲಿಸಿದ ಮೇಲೆ ಆನ್ ಮಾಡಿದರೆ *ಎಫ್ಎಕ್ಸ್ 0 ಎಂದು ಟೈಪಿಸಿ ಓಎಸ್ ಆವೃತ್ತಿ ತಿಳಿಯಬಹುದು. ಬ್ರೇಕ್ ಒತ್ತಿ ರಿಪೋರ್ಟ್ ಎಂದು ಟೈಪಿಸಿದಾಗ 1981 ಬಂದರೆ ಯಂತ್ರದ ಪ್ರೋಗ್ರಾಮಿಂಗ್ ಭಾಷೆಯಾದ ಬೇಸಿಕ್‌ನ ಮೊದಲನೆಯ ಆವೃತ್ತಿ, 1982 ಬಂದರೆ ಎರಡನೆಯದು.

ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಕೀಬೋರ್ಡಿನ ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ. ಅದರ ಕೆಳಗೆ ಬಲಗಡೆ ಸಾಲಾಗಿ ಐದು ಸಾಕೆಟ್ಟುಗಳಿವೆ: ಐಸಿ 51, 52, 88, 100, 101. ಸಾಮಾನ್ಯವಾಗಿ ಎಡತುದಿಯ 51ರಲ್ಲಿ ಓಎಸ್ ಇರುತ್ತದೆ. ಯಾವುದನ್ನೂ ಮುಟ್ಟುವ ಮುಂಚೆ ಫೋಟೊ ತೆಗೆಯಿರಿ. ಚಿಪ್ಪಿನ ಮೇಲಿನ ಬರಹ, ಕಚ್ಚು ಇರುವ ದಿಕ್ಕು, ಬೋರ್ಡಿನ ಇಶ್ಯೂ ಸಂಖ್ಯೆ ಎಲ್ಲ ಕಾಣಬೇಕು. ಆಮೇಲೆ ತೆಳುವಾದ ಚಪ್ಪಟೆ ಸ್ಕ್ರೂಡ್ರೈವರಿನಿಂದ ಒಮ್ಮೆ ಈ ತುದಿ, ಒಮ್ಮೆ ಆ ತುದಿ, ಪ್ರತಿ ಸಲ ಒಂದು ಮಿಲಿಮೀಟರಷ್ಟೇ ಎತ್ತಿ. ಸ್ಕ್ರೂಡ್ರೈವರ್ ಹೋಗಬೇಕಾದ್ದು ಚಿಪ್ಪಿಗೂ ಸಾಕೆಟ್ಟಿಗೂ ನಡುವೆ. ಸಾಕೆಟ್ಟಿನ ಅಡಿಗೆ ಹೋದರೆ ಬೋರ್ಡಿನ ಗೆರೆಗಳು ಕತ್ತರಿಸುತ್ತವೆ.

ಚಿಪ್ ಓದುವ ಸಾಧನವಾದ ಪ್ರೋಗ್ರಾಮರಿನಲ್ಲಿ ಚಿಪ್ಪಿನ ಬಗೆಯಾಗಿ 27128 (16 ಕಿಲೋಬೈಟಿನದು) ಆರಿಸಿಕೊಳ್ಳಿ. ಚಿಪ್ ಐಡಿ ಪರೀಕ್ಷೆಯನ್ನು ಆಫ್ ಮಾಡುವುದು ಮರೆಯಬೇಡಿ: ಐಡಿ ಕೇಳುವಾಗ ಒಂದು ಪಿನ್ನಿಗೆ ಸುಮಾರು 12 ವೋಲ್ಟ್ ಹೋಗುತ್ತದೆ, ಮಾಸ್ಕ್ ರೋಮ್ (ಕಾರ್ಖಾನೆಯಲ್ಲೇ ಬರಹ ಅಚ್ಚಾದ ಚಿಪ್) ಅದಕ್ಕೆ ತಯಾರಾದದ್ದಲ್ಲ. ಮೂರು ಸಲ ಓದಿ ಹೋಲಿಸಿ. ನಂತರ ಚಿಪ್ ಹೊರತೆಗೆದು, ಮತ್ತೆ ಕೂರಿಸಿ, ಇನ್ನೊಮ್ಮೆ ಓದಿ.

ಎಲ್ಲ ಬೈಟೂ 255 ಬಂದರೆ ಪಿನ್ನು ತಾಗುತ್ತಿಲ್ಲ. ಪ್ರತಿ ಬೈಟಿನಲ್ಲೂ ಒಂದೇ ಬಿಟ್ ಸದಾ 1 ಆಗಿದ್ದರೆ ಆ ಡೇಟಾ ಪಿನ್ ಕಪ್ಪಾಗಿದೆ. ಫೈಲಿನ ಮೊದಲರ್ಧವೂ ಎರಡನೇ ಅರ್ಧವೂ ಒಂದೇ ಆಗಿದ್ದರೆ ಅತ್ಯಂತ ಮೇಲಿನ ಅಡ್ರೆಸ್ ಪಿನ್ನಿನಲ್ಲಿ ದೋಷ. ಬೆಳ್ಳಿ ಲೇಪನ ಕಪ್ಪುಗಟ್ಟಿದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಬಹುಪಾಲು ಸರಿಹೋಗುತ್ತದೆ.

ಆರಂಭದ 0.10 ಆವೃತ್ತಿ ಇನ್ನೂ ನಾಜೂಕು. ಅದು ಬಂದದ್ದು 4 ಕಿಲೋಬೈಟಿನ ನಾಲ್ಕು ಇಪ್ರೋಮ್‌ಗಳಲ್ಲಿ (ಮೇಲಿನ ಗಾಜಿನ ಕಿಟಕಿಯಿಂದ ನೇರಳಾತೀತ ಬೆಳಕು ಹಾಯಿಸಿ ಅಳಿಸಬಹುದಾದ ಚಿಪ್ಪು). ಡಿಸ್ಕ್ ವ್ಯವಸ್ಥೆ ಅದರಲ್ಲಿ ನಡೆಯುವುದಿಲ್ಲವಾದ್ದರಿಂದ ಜನ ಬದಲಿಸಿಕೊಂಡರು, ಹಳೆಯವು ವಿರಳವಾದವು. ಇಪ್ರೋಮ್ ತನ್ನ ಬರಹವನ್ನು ಹಿಡಿದಿಟ್ಟ ವಿದ್ಯುದಾವೇಶವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ. ಮಾಸ್ಕ್ ರೋಮ್‌ಗೆ ಆ ಭಯವಿಲ್ಲ. ಆದ್ದರಿಂದ ಸರದಿಯಲ್ಲಿ ಇಪ್ರೋಮ್‌ಗೇ ಮೊದಲ ಸ್ಥಾನ ಕೊಡಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕಿಟಕಿಯ ಸ್ಟಿಕರ್ ಕೀಳಬೇಡಿ. ನಾಲ್ಕರಲ್ಲಿ ಕೊನೆಯದು ಯಾವುದೆಂದು ಗುರುತಿಸುವುದು ಸುಲಭ: 6502ರ ಮೂರು ವೆಕ್ಟರುಗಳು (ರೀಸೆಟ್ ಮುಂತಾದ ಸಂದರ್ಭದಲ್ಲಿ ಪ್ರೊಸೆಸರ್ ಎಲ್ಲಿಗೆ ಹೋಗಬೇಕೆಂದು ಹೇಳುವ ವಿಳಾಸಗಳು) ಓಎಸ್‌ನ ಕಟ್ಟಕಡೆಯ 6 ಬೈಟುಗಳಲ್ಲಿರುತ್ತವೆ, ಅವಿರುವ ಚಿಪ್ಪೇ ಕೊನೆಯದು.

ಫೈಲಿನ ಜೊತೆಗೆ ಸಾಕೆಟ್ ಸಂಖ್ಯೆ, ಚಿಪ್ಪಿನ ಮೇಲಿನ ತಾರೀಕು (8342 ಎಂದರೆ 1983ರ 42ನೇ ವಾರ), ಎಸ್ಎಚ್ಎ-1 ಮೊತ್ತ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ), ಓದಿದ ಬಗೆ ಇಷ್ಟನ್ನೂ ಬರೆದಿಡಿ. ನೆಟ್ಟಲ್ಲಿ ಸಿಗುವ ಎಷ್ಟೋ ಫೈಲುಗಳಿಗೆ ಈ ವಿವರವಿಲ್ಲ. ಬರೀ "1.20" ಎಂಬ ಹೆಸರಿನಿಂದ ಸಂಶೋಧನೆ ಸಾಗುವುದಿಲ್ಲ.

ನಮ್ಮ ದೇಶದಲ್ಲೂ ಹುಡುಕಬೇಕಾದ್ದಿದೆ. 1984ರಲ್ಲಿ ಶುರುವಾದ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದದ್ದು ಇದೇ ಬಿಬಿಸಿ ಮೈಕ್ರೊ, ಏಕಾರ್ನ್ ಪರವಾನಗಿಯಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಕೂಡ ಇದನ್ನು ತಯಾರಿಸಿತು. ಅಂಥ ಬೋರ್ಡು ಶಾಲೆಯ ಹಳೆ ಬೀರುವಿನಲ್ಲೋ ಗುಜರಿಯಲ್ಲೋ ಕಂಡರೆ ಐಸಿ 51ರ ಜೊತೆಗೆ ಉಳಿದ ನಾಲ್ಕು ಸಾಕೆಟ್ಟುಗಳಲ್ಲಿರುವುದನ್ನೂ ಓದಿ, ಕಿತ್ತ ಚಿಪ್ಪುಗಳನ್ನು ಫೋಟೊದಲ್ಲಿದ್ದಂತೆಯೇ ವಾಪಸ್ ಕೂರಿಸಿ.